ದೋಷದ ಜಾಡು

ಗಣಕಯಂತ್ರವು ಹೇಳಿದ ಮಾತನ್ನು ಮೀರದ ಸೇವಕ. ಹೇಳಿದುದನ್ನು ತಪ್ಪದೆ ಮಾಡುವುದು. ಹೇಳದೆ ಬಿಟ್ಟುದನ್ನು ತಾನಾಗಿ ಊಹಿಸಿಕೊಂಡು ಮಾಡದು. ಮನೆಯಲ್ಲಿ ತಾಯಿಯು ಮಗನನ್ನು ಅಂಗಡಿಗೆ ಕಳುಹಿಸಿ "ಎರಡು ಕಿಲೋ ಅಕ್ಕಿ ತೆಗೆದುಕೊಂಡು ಬಾ" ಎಂದರೆ, ಚೀಲವನ್ನು ಒಯ್ಯಬೇಕೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಅಂಗಡಿ ಮುಚ್ಚಿದ್ದರೆ ಹಿಂದಿರುಗಬೇಕೆಂದೂ ಹೇಳಬೇಕಾಗಿಲ್ಲ. ಗಣಕಕ್ಕಾದರೋ ಚೀಲದ ಮಾತನ್ನೂ ಹೇಳಬೇಕು, ಮುಚ್ಚಿದ ಬಾಗಿಲಿನ ಮಾತನ್ನೂ ಹೇಳಬೇಕು. ಮರೆತರೆ ಅದು ಮುಚ್ಚಿದ ಬಾಗಿಲಿನ ಮುಂದೆ ನಿಂತೇ ಇರುವುದು. ಇಲ್ಲವೆ ಚೀಲವಿಲ್ಲದೆ ಅಕ್ಕಿಯನ್ನು ನೆಲಕ್ಕೆ ಸುರಿಸಿಕೊಳ್ಳುವುದು.

ಗಣಕಕ್ಕೆ ಹೇಳುವ ಇಂತಹ ಮಾತುಗಳ ಸರಣಿಗೆ ಕ್ರಮವಿಧಿ ಎಂದು ಹೆಸರು. ಬಳಕೆಯ ಮಾತಿನಲ್ಲಿ ಇದನ್ನು ಪ್ರೋಗ್ರಾಂ ಎನ್ನುವರು. ಅಂಗಡಿಯ ಬಿಲ್ಲನ್ನು ಮುದ್ರಿಸುವುದು, ಶಾಲೆಯ ಅಂಕಪಟ್ಟಿಯನ್ನು ಸಿದ್ಧಪಡಿಸುವುದು, ಪತ್ರವನ್ನು ಬರೆದು ತಿದ್ದುವುದು, ಚಿತ್ರವನ್ನು ರಚಿಸುವುದು, ಹೀಗೆ ಮೇಜಿನ ಮೇಲಿನ ಗಣಕದಲ್ಲಿ ನಡೆಯುವ ಪ್ರತಿಯೊಂದು ಕೆಲಸದ ಹಿಂದೆಯೂ ಒಂದೊಂದು ಕ್ರಮವಿಧಿ ಇರುತ್ತದೆ. ಅದರಲ್ಲಿ ಸಾವಿರಾರು ಸಾಲುಗಳಿರುವುದು ಸಾಮಾನ್ಯ. ಲಕ್ಷಾಂತರ ಸಾಲುಗಳಿರುವುದೂ ಉಂಟು. ಅಷ್ಟು ಉದ್ದದ ಬರೆಹವನ್ನು ಮನುಷ್ಯನು ಒಂದೂ ತಪ್ಪಿಲ್ಲದೆ ಬರೆಯುವನೆಂಬುದು ನಂಬಲಾಗದ ಮಾತು. ಆದುದರಿಂದ ಕ್ರಮವಿಧಿಯನ್ನು ರಚಿಸುವುದು ಎಷ್ಟು ದೊಡ್ಡ ವಿದ್ಯೆಯೋ, ಅದರಲ್ಲಿ ಅಡಗಿಕೊಂಡ ದೋಷವನ್ನು ಹುಡುಕಿ ತೆಗೆಯುವುದೂ ಅಷ್ಟೇ ದೊಡ್ಡ ವಿದ್ಯೆ. ಈ ಎರಡನೆಯದು ಹೆಚ್ಚು ತಾಳ್ಮೆಯನ್ನು ಬೇಡುವಂಥದು.

ಕ್ರಮವಿಧಿಯ ದೋಷಕ್ಕೆ ಇಂಗ್ಲಿಷಿನಲ್ಲಿ 'ಬಗ್' ಎನ್ನುತ್ತಾರೆ. ಬಗ್ ಎಂದರೆ ಹುಳು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 'ಮಾರ್ಕ್ 2' ಎಂಬ ದೈತ್ಯ ಗಣಕವು ಸರಿಯಾಗಿ ಕೆಲಸ ಮಾಡದಾಯಿತು. ತೆರೆದು ನೋಡಿದಾಗ ಒಂದು ವಿದ್ಯುತ್ ರಿಲೇಯ ನಡುವೆ ಪತಂಗವೊಂದು ಸಿಕ್ಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿ, ನಿಜವಾದ ಹುಳುವೇ ಸಿಕ್ಕಿತೆಂದು ಅದರ ಕೆಳಗೆ ವಿನೋದವಾಗಿ ಬರೆದಿಟ್ಟರು. ಈ ಸಂಗತಿಯಿಂದಲೇ 'ಬಗ್' ಎಂಬ ಹೆಸರು ಹುಟ್ಟಿತೆಂದು ಹಲವರು ಹೇಳುವುದುಂಟು. ಅದು ಸರಿಯಲ್ಲ. ವಿದ್ಯುದ್ದೀಪವನ್ನು ಬಳಕೆಗೆ ತಂದ ಎಡಿಸನ್ 1878ರಲ್ಲಿಯೇ ತನ್ನ ಪತ್ರವೊಂದರಲ್ಲಿ ಯಂತ್ರಗಳ ಸಣ್ಣಪುಟ್ಟ ದೋಷಗಳನ್ನು ಇದೇ ಹೆಸರಿನಿಂದ ಕರೆದಿದ್ದನು. ಹಳೆಯ ಹೆಸರೊಂದು ಕಟ್ಟಕಡೆಗೆ ನಿಜವಾದ ಹುಳುವಿಗೇ ಅನ್ವಯಿಸಿತಲ್ಲ ಎಂಬುದೇ ಅವರ ನಗೆಗೆ ಕಾರಣ.

ಆ ಪತಂಗವು ಕಣ್ಣಿಗೆ ಕಾಣುವಂತಿತ್ತು. ಚಿಮುಟದಿಂದ ಎತ್ತಿ ಹಾಕಿದರೆ ಕೆಲಸ ಮುಗಿಯಿತು. ಕ್ರಮವಿಧಿಯ ದೋಷಗಳು ಅಷ್ಟು ಸುಲಭವಾಗಿ ಕಾಣಸಿಗವು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 'ಎಡ್ಸ್ಯಾಕ್' ಎಂಬ ಗಣಕವನ್ನು ನಿರ್ಮಿಸಿದ ಮಾರಿಸ್ ವಿಲ್ಕ್ಸ್ 1949ರಲ್ಲಿ ಗಣಿತದ ಒಂದು ಸಮಸ್ಯೆಗಾಗಿ ಕ್ರಮವಿಧಿಯನ್ನು ಬರೆದನು. ಅದರಲ್ಲಿದ್ದವು 126 ಸಾಲುಗಳು. ತಪ್ಪುಗಳು ಸುಮಾರು 20. ಗಣಕವಿದ್ದ ಕೋಣೆಗೂ, ಕಾಗದದ ಪಟ್ಟಿಗೆ ತೂತು ಹೊಡೆಯುವ ಯಂತ್ರಕ್ಕೂ ನಡುವೆ ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದಾಗ ಅವನಿಗೆ ಒಂದು ಸತ್ಯವು ಹೊಳೆಯಿತು: ತನ್ನ ಉಳಿದ ಆಯುಷ್ಯದ ಬಹುಭಾಗವು ತನ್ನವೇ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆ! ಗಣಕವನ್ನು ಕಟ್ಟಿದ ಮೇಧಾವಿಯ ಪಾಡೇ ಹೀಗಾದರೆ ಉಳಿದವರ ಪಾಡನ್ನು ಹೇಳಬೇಕಾಗಿಲ್ಲ.

ದೋಷಗಳಲ್ಲಿ ಕೆಲವು ಸಾಧು ಸ್ವಭಾವದವು. ಭಾಷೆಯ ವ್ಯಾಕರಣವನ್ನು ಮೀರಿ ಬರೆದ ಸಾಲನ್ನು ಗಣಕವೇ ತಡೆದು, ಇಂತಹ ಸಾಲಿನಲ್ಲಿ ತಪ್ಪಿದೆ ಎಂದು ತಿಳಿಸುತ್ತದೆ. ಅದರಿಂದ ಯಾರಿಗೂ ಹಾನಿಯಿಲ್ಲ. ಇನ್ನು ಕೆಲವು ಕ್ರಮವಿಧಿಯು ಓಡುತ್ತಿರುವಾಗ ಅದನ್ನು ನಡುವೆಯೇ ಕೆಡವಿಬಿಡುತ್ತವೆ. ಸೊನ್ನೆಯಿಂದ ಭಾಗಿಸಹೊರಟರೆ, ಇಲ್ಲದ ಕಡತವನ್ನು ತೆರೆಯಹೊರಟರೆ ಹೀಗಾಗುವುದು. ಇವು ಉಪದ್ರವ ಕೊಟ್ಟರೂ ತಮ್ಮ ಇರವನ್ನು ಮುಚ್ಚಿಡುವುದಿಲ್ಲ. ನಿಜವಾಗಿ ಅಂಜಬೇಕಾದುದು ಮೂರನೆಯ ಬಗೆಗೆ. ಅಲ್ಲಿ ಕ್ರಮವಿಧಿಯು ನಿಲ್ಲುವುದಿಲ್ಲ, ಗೊಣಗುವುದಿಲ್ಲ. ಗಂಭೀರವಾಗಿ ತಪ್ಪು ಉತ್ತರವನ್ನು ಕೊಡುತ್ತದೆ. ನೋಡುವವರು ಅದನ್ನು ಸರಿಯೆಂದೇ ನಂಬುತ್ತಾರೆ.

ಎಂತಹ ದೋಷವೇ ಇರಲಿ, ಅದನ್ನು ಹಿಡಿಯಹೊರಟವನು ಮೊದಲು ಮಾಡಬೇಕಾದುದು ಅದನ್ನು ಮತ್ತೆ ಕಾಣಿಸುವಂತೆ ಮಾಡುವುದು. ಬೇಕೆಂದಾಗ ಬರಿಸಲಾಗದ ದೋಷವನ್ನು ತಿದ್ದಿದೆನೆಂದು ಹೇಳುವವನ ಮಾತಿಗೆ ಆಧಾರವಿಲ್ಲ. ಇದು ಎಷ್ಟು ದೊಡ್ಡ ವಿಷಯವೆಂಬುದನ್ನು ಅರಿಯಲು ಕಚೇರಿಯ ಗಣಕವನ್ನು ಬಿಟ್ಟು, ಆಸ್ಪತ್ರೆಯ ಗಣಕವೊಂದರ ಕತೆಯನ್ನು ನೋಡಬೇಕು.

'ಥೆರಾಕ್ 25' ಎಂಬುದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆಯನ್ನು ನೀಡುವ ಯಂತ್ರ. ಕೆನಡಾ ದೇಶದ ಸಂಸ್ಥೆಯೊಂದು ಅದನ್ನು ತಯಾರಿಸಿತ್ತು. ಯಂತ್ರವನ್ನು ನಡೆಸುತ್ತಿದ್ದುದು ಗಣಕ. ಗಣಕಕ್ಕೆ ಆಜ್ಞೆಯನ್ನು ಕೊಡುತ್ತಿದ್ದುದು ಕೀಲಿಮಣೆಯ ಮುಂದೆ ಕುಳಿತ ನಿರ್ವಾಹಕಿ. 1986ರ ಮಾರ್ಚ್ 21ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಪಟ್ಟಣದ ಆಸ್ಪತ್ರೆಯಲ್ಲಿ ಆಕೆ ಒಂದು ಅಕ್ಷರವನ್ನು ತಪ್ಪಾಗಿ ಒತ್ತಿದಳು. ಎಲೆಕ್ಟ್ರಾನ್ ಕಿರಣವೆಂದು ಸೂಚಿಸಬೇಕಾದಲ್ಲಿ ಕ್ಷಕಿರಣವೆಂದು ಸೂಚಿಸಿದ್ದಳು. ಕೂಡಲೆ ಗಮನಿಸಿ ಹಿಂದಕ್ಕೆ ಹೋಗಿ ತಿದ್ದಿ, ಉಳಿದುದೆಲ್ಲ ಸರಿಯಾಗಿದ್ದುದರಿಂದ ಸರಸರನೆ ಮುಂದುವರಿದು ಚಿಕಿತ್ಸೆಯನ್ನು ಆರಂಭಿಸಿದಳು. ತೆರೆಯ ಮೇಲೆ 'ಮಾಲ್‌ಫಂಕ್ಷನ್ 54' ಎಂಬ ಸೂಚನೆ ಮೂಡಿತು. 54ನೆಯ ದೋಷವೆಂದರೆ ಏನೆಂದು ನಿರ್ವಾಹಕರ ಕೈಪಿಡಿಯಲ್ಲಿ ವಿವರಣೆಯಿರಲಿಲ್ಲ. ಇಂತಹ ಸೂಚನೆಗಳು ದಿನವೂ ಬಂದುಹೋಗುತ್ತಿದ್ದುದರಿಂದ ಅವುಗಳಿಗೆ ಬೆಲೆಯೂ ಉಳಿದಿರಲಿಲ್ಲ. ರೋಗಿಗೆ ಕಡಿಮೆ ವಿಕಿರಣ ದೊರೆಯಿತೆಂದು ತೆರೆಯು ತೋರಿಸಿತು. ಆಕೆ ಮುಂದುವರಿಸುವ ಕೀಲಿಯನ್ನು ಒತ್ತಿದಳು. ನಿಜವಾಗಿ ಆ ರೋಗಿಗೆ ನಿಗದಿಯಾದುದಕ್ಕಿಂತ ನೂರು ಪಟ್ಟಿನಷ್ಟು ವಿಕಿರಣವು ಕ್ಷಣಮಾತ್ರದಲ್ಲಿ ತಗುಲಿತ್ತು.

ತಯಾರಕರ ಎಂಜಿನಿಯರುಗಳು ಬಂದು ಯಂತ್ರವನ್ನು ಪರೀಕ್ಷಿಸಿದರು. ಏನು ಮಾಡಿದರೂ 54ನೆಯ ದೋಷ ಮರುಕಳಿಸಲಿಲ್ಲ. ಯಂತ್ರವು ನಿರ್ದೋಷಿಯೆಂದು ತೀರ್ಮಾನವಾಗಿ, ಏಪ್ರಿಲ್ 7ರಂದು ಅದನ್ನು ಮತ್ತೆ ಬಳಕೆಗೆ ತಂದರು. ನಾಲ್ಕೇ ದಿನಗಳಲ್ಲಿ, ಏಪ್ರಿಲ್ 11ರಂದು, ಅದೇ ನಿರ್ವಾಹಕಿಯ ಮುಂದೆ ಅದೇ ಸೂಚನೆ ಮತ್ತೆ ಬಂದಿತು. ಇನ್ನೊಬ್ಬ ರೋಗಿಯೂ ಅದಕ್ಕೆ ಬಲಿಯಾದನು. ಅದೇ ವರ್ಷದಲ್ಲಿ ಇಬ್ಬರೂ ತೀರಿಕೊಂಡರು.

ಈ ಬಾರಿ ಆಸ್ಪತ್ರೆಯ ಭೌತವಿಜ್ಞಾನಿಯು ಯಂತ್ರವನ್ನು ಕೂಡಲೆ ನಿಲ್ಲಿಸಿ, ನಿರ್ವಾಹಕಿಯೊಂದಿಗೆ ತಾನೇ ಕುಳಿತನು. ಆಕೆ ಅಂದು ಏನೇನು ಮಾಡಿದಳೋ ಅದನ್ನೆಲ್ಲ ನೆನಪಿಸಿಕೊಂಡು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಮಾಡಿದರು. ಬಹಳ ಪ್ರಯತ್ನದ ಮೇಲೆ ಗುಟ್ಟು ಬಯಲಾಯಿತು. ದೋಷವು ಇದ್ದುದು ಒತ್ತಿದ ಕೀಲಿಗಳಲ್ಲಿ ಮಾತ್ರವಲ್ಲ, ಒತ್ತಿದ ವೇಗದಲ್ಲಿ. ಯಂತ್ರದೊಳಗಿನ ಅಯಸ್ಕಾಂತಗಳು ಸಿದ್ಧವಾಗಲು ಸುಮಾರು 8 ಸೆಕೆಂಡುಗಳು ಬೇಕಾಗಿದ್ದವು. ಅಷ್ಟರೊಳಗೆ ಮಾಡಿದ ತಿದ್ದುಪಡಿಯನ್ನು ತೆರೆಯು ತೋರಿಸುತ್ತಿತ್ತೇ ಹೊರತು, ಕ್ರಮವಿಧಿಯ ಒಳಭಾಗವು ಗಮನಿಸುತ್ತಿರಲಿಲ್ಲ. ಪರೀಕ್ಷಿಸಲು ಬಂದಿದ್ದ ಎಂಜಿನಿಯರುಗಳು ಒಂದೊಂದೇ ಕೀಲಿಯನ್ನು ನಿಧಾನವಾಗಿ ಒತ್ತುತ್ತಿದ್ದರು. ದಿನವೂ ಅದೇ ಕೆಲಸವನ್ನು ಮಾಡಿ ಕೈ ಪಳಗಿದ ನಿರ್ವಾಹಕಿಯು ವೇಗವಾಗಿ ಒತ್ತುತ್ತಿದ್ದಳು. ಬಳಸುವವರ ಪಕ್ಕದಲ್ಲಿ ಕುಳಿತು ಅವರ ಕೈಯನ್ನು ನೋಡದೆ, ತನ್ನ ಕೋಣೆಯಲ್ಲಿಯೇ ಪರೀಕ್ಷಿಸುವವನಿಗೆ ಅನೇಕ ದೋಷಗಳು ಎಂದೆಂದಿಗೂ ಕಾಣಿಸವು.

ಇನ್ನು ಕಚೇರಿಯ ಗಣಕಕ್ಕೆ ಮರಳಬಹುದು. ಪ್ರೌಢಶಾಲೆಯೊಂದರ ಗ್ರಂಥಾಲಯಕ್ಕಾಗಿ ಒಬ್ಬನು ಕ್ರಮವಿಧಿಯನ್ನು ಬರೆದುಕೊಟ್ಟನೆಂದು ಭಾವಿಸೋಣ. ಯಾವ ಸದಸ್ಯರು ಯಾವ ಪುಸ್ತಕವನ್ನು ಎಂದು ಒಯ್ದರು, ಗಡುವು ಮೀರಿದರೆ ದಂಡವೆಷ್ಟು ಎಂಬುದನ್ನೆಲ್ಲ ಅದು ಲೆಕ್ಕವಿಡುತ್ತದೆ. ತಿಂಗಳ ಕೊನೆಯಲ್ಲಿ 1,024 ಸದಸ್ಯರ ಪಟ್ಟಿಯನ್ನು ಮುದ್ರಿಸುತ್ತದೆ. ಒಂದು ವರ್ಷ ಅದು ಚೆನ್ನಾಗಿ ನಡೆಯಿತು. ಒಂದು ತಿಂಗಳು ಮಾತ್ರ ಪಟ್ಟಿಯು ನಡುವೆಯೇ ನಿಂತು, ಕ್ರಮವಿಧಿಯು ಮುಚ್ಚಿಹೋಯಿತು. ಗ್ರಂಥಪಾಲಕರು "ಮುದ್ರಣಯಂತ್ರ ಕೆಟ್ಟಿದೆ" ಎಂದರು. ಗುಮಾಸ್ತರು "ಗಣಕಕ್ಕೆ ರೋಗಾಣು ತಗುಲಿದೆ" ಎಂದರು. ಕ್ರಮವಿಧಿಯನ್ನು ಬರೆದವನಾದರೋ "ನನ್ನ ಮನೆಯ ಗಣಕದಲ್ಲಿ ಸರಿಯಾಗಿಯೇ ಓಡುತ್ತಿದೆ" ಎಂದನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯು ಇಂತಹ ಸಂದರ್ಭಕ್ಕೆ ಹೇಳಿ ಮಾಡಿಸಿದಂತಿದೆ. ಹೊಸ ಮುದ್ರಣಯಂತ್ರವನ್ನೇ ಕೊಂಡು ತಂದರೂ ಪಟ್ಟಿಯು ಅಲ್ಲಿಯೇ ನಿಲ್ಲುತ್ತಿತ್ತು.

ಬಲ್ಲವನು ಇಲ್ಲಿ ಊಹೆಗೆ ಎಡೆಗೊಡದೆ ಅರ್ಧಿಸುವ ವಿಧಾನವನ್ನು ಹಿಡಿಯುತ್ತಾನೆ. 1,024 ಹೆಸರುಗಳಲ್ಲಿ ಮೊದಲ 512ನ್ನು ಮಾತ್ರ ಮುದ್ರಿಸಲು ಹೇಳುತ್ತಾನೆ. ಸರಿಯಾಗಿ ಮುದ್ರಿತವಾದರೆ ದೋಷವು ಉಳಿದ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧಿಸಿದರೆ 256, ಅನಂತರ 128, ಅನಂತರ 64. ಹೀಗೆ ಹತ್ತೇ ಸಲ ಅರ್ಧಿಸುವುದರೊಳಗೆ ಒಂದೇ ಒಂದು ಹೆಸರು ಉಳಿಯುತ್ತದೆ. ಒಂದೊಂದಾಗಿ ನೋಡಹೊರಟಿದ್ದರೆ ಸಾವಿರ ಸಲ ನೋಡಬೇಕಾಗುತ್ತಿತ್ತು. ಸಾಲುಗಳ ನಡುವಿನ ದೋಷವನ್ನು ಹುಡುಕಲೂ ಇದೇ ವಿಧಾನವು ಸಲ್ಲುತ್ತದೆ. ಆದರೆ ಪ್ರತಿ ಹೆಜ್ಜೆಯಲ್ಲಿಯೂ ಒಂದನ್ನು ಮಾತ್ರ ಬದಲಿಸಬೇಕು. ಅವಸರದಲ್ಲಿ ಮೂರು ಕಡೆ ಒಮ್ಮೆಗೇ ತಿದ್ದಿದರೆ, ದೋಷವು ಮಾಯವಾದರೂ ಯಾವುದರಿಂದ ಮಾಯವಾಯಿತೆಂಬುದು ತಿಳಿಯದು.

ಉಳಿದ ಆ ಒಂದು ಹೆಸರು ಆ ವರ್ಷ ಹೊಸದಾಗಿ ಬಂದ ಅಧ್ಯಾಪಿಕೆ ಸರಸ್ವತಮ್ಮನವರದು. ಅವರ ಹೆಸರಿನಲ್ಲಿ ಅಂತಹ ವಿಶೇಷವೇನಿದೆ? ಮೊದಲಿನಿಂದಲೂ ಸದಸ್ಯರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಿಸುವ ವಾಡಿಕೆಯಿತ್ತು. ಸರಸ್ವತಮ್ಮನವರು ಮಾತ್ರ ತಮ್ಮ ಹೆಸರನ್ನು ಕನ್ನಡದಲ್ಲಿಯೇ ಬರೆಯಿಸಿದ್ದರು. ಇಲ್ಲಿಂದ ಮುಂದಿನದನ್ನು ತಿಳಿಯಲು, ಗಣಕವು ಅಕ್ಷರಗಳನ್ನು ಇಟ್ಟುಕೊಳ್ಳುವ ಬಗೆಯನ್ನು ಸ್ವಲ್ಪ ಅರಿತಿರಬೇಕು.

ಗಣಕಕ್ಕೆ ಅಕ್ಷರಗಳ ಪರಿಚಯವಿಲ್ಲ. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಅದರ ಸ್ಮೃತಿಯು ಬೈಟು ಎಂಬ ಪುಟ್ಟ ಪುಟ್ಟ ಮನೆಗಳಾಗಿ ವಿಂಗಡವಾಗಿದೆ. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ಇಡಬಹುದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡಕ್ಕೆ ಬಹುಕಾಲ ತನ್ನದೇ ಆದ ಸಂಖ್ಯೆಗಳು ಬಳಕೆಯಲ್ಲಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ರೂಪಗಳನ್ನು ತೊಡಿಸಿದ ಅಚ್ಚುಗಳನ್ನು, ಎಂದರೆ ಫಾಂಟುಗಳನ್ನು, ಬಳಸುತ್ತಿದ್ದರು. ಆ ಫಾಂಟು ಇಲ್ಲದ ಗಣಕದಲ್ಲಿ ಅದೇ ಪತ್ರವನ್ನು ತೆರೆದರೆ, ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯು ಕಾಣಿಸುತ್ತಿತ್ತು. ಹಳೆಯ ಕಡತಗಳಲ್ಲಿ ಈ ತೊಂದರೆಯು ಇಂದಿಗೂ ಎದುರಾಗುವುದುಂಟು. ಪ್ರಪಂಚದ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆಗಳನ್ನು ನೀಡುವ 'ಯೂನಿಕೋಡ್' ಎಂಬ ಏರ್ಪಾಡು 1991ರಲ್ಲಿ ಪ್ರಕಟವಾಯಿತು. ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಈ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ 'ಯುಟಿಎಫ್-8' ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು.

ಇಲ್ಲಿ ಸಂಕೇತವೆಂದರೆ ಕಣ್ಣಿಗೆ ಕಾಣುವ ಅಕ್ಷರವಲ್ಲ. 'ಸ್ತ್ರೀ' ಎಂಬುದು ಓದುವವನಿಗೆ ಒಂದೇ ಅಕ್ಷರ. ಗಣಕಕ್ಕೆ ಅದು ಸಕಾರ, ಅರ್ಧಾಕ್ಷರದ ಚಿಹ್ನೆ, ತಕಾರ, ಮತ್ತೆ ಅರ್ಧಾಕ್ಷರದ ಚಿಹ್ನೆ, ರಕಾರ, ಈಕಾರದ ಗುಣಿತ ಎಂಬ ಆರು ಸಂಕೇತಗಳು. ಎಂದರೆ 18 ಬೈಟುಗಳು. 'ಸರಸ್ವತಮ್ಮ' ಎಂಬಲ್ಲಿ ಹೀಗೆಯೇ ಎಣಿಸಿದರೆ ಒಂಬತ್ತು ಸಂಕೇತಗಳು, 27 ಬೈಟುಗಳು ಆಗುತ್ತವೆ. ಕ್ರಮವಿಧಿಯನ್ನು ಬರೆದವನು ಹೆಸರಿಗಾಗಿ 20 ಬೈಟುಗಳನ್ನು ಮಾತ್ರ ಕಾದಿರಿಸಿದ್ದನು. ಉದ್ದವಾದ ಹೆಸರು ಬಂದರೆ 20ಕ್ಕೆ ಕತ್ತರಿಸಿಬಿಡುವಂತೆಯೂ ಬರೆದಿದ್ದನು. ಇಂಗ್ಲಿಷ್ ಹೆಸರನ್ನು ಎಲ್ಲಿ ಕತ್ತರಿಸಿದರೂ ಪೂರ್ಣ ಅಕ್ಷರಗಳೇ ಉಳಿಯುತ್ತವೆ. ಈ ಹೆಸರಿನಲ್ಲಾದರೋ 'ಸರಸ್ವತ' ಎಂಬಷ್ಟಕ್ಕೆ 18 ಬೈಟುಗಳು ಮುಗಿದು, ಮುಂದಿನ ಮಕಾರದ ಮೂರು ಬೈಟುಗಳಲ್ಲಿ ಎರಡು ಮಾತ್ರ ಒಳಗೆ ಉಳಿದು, ಮೂರನೆಯದು ಹೊರಗೆ ಬಿದ್ದುಹೋಯಿತು. ಮೂರರಲ್ಲಿ ಎರಡಾದ ಈ ಚೂರು ಯಾವ ಅಕ್ಷರವೂ ಅಲ್ಲ. ಪಟ್ಟಿಯನ್ನು ಮುದ್ರಿಸುವ ಭಾಗವು ಆ ಚೂರನ್ನು ಎಡವಿ ಬಿದ್ದಿತು.

ದೋಷವು ಕಾಣಿಸಿದುದು ತಿಂಗಳ ಕೊನೆಯಲ್ಲಿ, ಮುದ್ರಣದ ವೇಳೆಯಲ್ಲಿ. ಅದು ಹುಟ್ಟಿದುದು ಸರಸ್ವತಮ್ಮನವರು ಸದಸ್ಯರಾದ ದಿನ, ಹೆಸರನ್ನು ದಾಖಲಿಸುವ ವೇಳೆಯಲ್ಲಿ. ದೋಷದ ಜಾಡನ್ನು ಹಿಡಿದು ಹಿಂದಕ್ಕೆ ನಡೆಯಬೇಕಾದುದು ಇದಕ್ಕಾಗಿಯೇ. ಬಿದ್ದ ಜಾಗದಲ್ಲಿಯೇ ತಿದ್ದಲು ಹೊರಟವನು, ಆ ಹೆಸರನ್ನು ಬಿಟ್ಟು ಮುಂದೆ ಹೋಗು ಎಂದು ಒಂದು ಸಾಲನ್ನು ಸೇರಿಸಿ ಕೈತೊಳೆದುಕೊಳ್ಳಬಹುದಿತ್ತು. ಆಗ ಪಟ್ಟಿಯೇನೋ ಕೊನೆಯವರೆಗೆ ಮುದ್ರಿತವಾಗುತ್ತಿತ್ತು. ಆದರೆ ಸದಸ್ಯರೊಬ್ಬರು ಅದರಿಂದ ಸದ್ದಿಲ್ಲದೆ ಮಾಯವಾಗುತ್ತಿದ್ದರು. ಕಾಣುವ ದೋಷವು ಕಾಣದ ದೋಷವಾಗುವುದಕ್ಕಿಂತ ಕೆಟ್ಟ ದುರಸ್ತಿ ಬೇರೊಂದಿಲ್ಲ.

ಕ್ರಮವಿಧಿಕಾರನು ತನ್ನ ಮನೆಯಲ್ಲಿ ಕನ್ನಡವನ್ನು ಪರೀಕ್ಷಿಸಿಯೇ ಇದ್ದನೆಂಬುದನ್ನೂ ಇಲ್ಲಿ ಹೇಳಬೇಕು. ಅವನು ಬರೆದು ನೋಡಿದ ಹೆಸರು 'ಗೀತಾ'. ನಾಲ್ಕು ಸಂಕೇತಗಳು, 12 ಬೈಟುಗಳು. ಅದು ಇಪ್ಪತ್ತರೊಳಗೆ ಹಾಯಾಗಿ ಹಿಡಿಸಿತು. ಅವನೂ ಹಾಯಾಗಿ ನಿದ್ರಿಸಿದನು. ಪರೀಕ್ಷೆಗೆ ಆರಿಸಿಕೊಳ್ಳಬೇಕಾದುದು ಸುಲಭವಾದ ಹೆಸರನ್ನಲ್ಲ; ಅತಿ ಉದ್ದವಾದುದನ್ನು, ಬರಿದಾದುದನ್ನು, ಒತ್ತಕ್ಷರಗಳಿಂದ ತುಂಬಿದುದನ್ನು.

ಅಕ್ಷರಗಳ ವಿಷಯದಲ್ಲಿ ಸಂಗ್ರಹವು ಸರಿಯಾಗಿದ್ದು, ಓದುವ ಬಗೆಯು ತಪ್ಪುವುದೂ ಉಂಟು. ತೆರೆಯ ಮೇಲೆ, ತಲೆಯ ಮೇಲೆ ಓರೆಗೆರೆಯುಳ್ಳ ಇಂಗ್ಲಿಷಿನ 'ಎ' ಅಕ್ಷರವೂ ಅದರ ಪಕ್ಕದಲ್ಲಿ ಮೇಲೇರಿಸಿ ಬರೆದ ಪುಟ್ಟ 2 ಅಥವಾ 3 ಎಂಬ ಅಂಕೆಯೂ ಮತ್ತೆ ಮತ್ತೆ ಬರುತ್ತಿದ್ದರೆ, ಅದು ಕನ್ನಡವೇ ಎಂದು ತಿಳಿಯಬಹುದು. ಮೂರು ಬೈಟುಗಳನ್ನು ಕೂಡಿಸಿ ಓದುವ ಬದಲು ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಗಣಕವು ಓದುತ್ತಿದೆ ಎಂಬುದೇ ಅದರ ಅರ್ಥ. ವಿಂಡೋಸ್ ಗಣಕಗಳಲ್ಲಿರುವ 'ನೋಟ್‌ಪ್ಯಾಡ್' ಎಂಬ ಕ್ರಮವಿಧಿಯ ಹಳೆಯ ಆವೃತ್ತಿಗಳಲ್ಲಿ ಇಂತಹದೇ ಒಂದು ಸೋಜಿಗವಿತ್ತು. 'ದಿಸ್ ಆ್ಯಪ್ ಕ್ಯಾನ್ ಬ್ರೇಕ್' ಎಂದು ಇಂಗ್ಲಿಷಿನಲ್ಲಿ ಬರೆದು, ಕಡತವನ್ನು ಉಳಿಸಿ, ಮತ್ತೆ ತೆರೆದರೆ ಚೀನೀ ಲಿಪಿಯ ಒಂಬತ್ತು ಅಕ್ಷರಗಳು ಕಾಣಿಸುತ್ತಿದ್ದವು. ಬರೆದುದು ತೆರವುಗಳೂ ಸೇರಿ 18 ಬೈಟುಗಳು. ಕಡತವು ಯಾವ ಲಿಪಿಯದೆಂದು ಊಹಿಸಹೊರಟ ಕ್ರಮವಿಧಿಯು, ಎರಡೆರಡು ಬೈಟುಗಳನ್ನು ಕೂಡಿಸಿ ಒಂಬತ್ತು ಅಕ್ಷರಗಳೆಂದು ಎಣಿಸಿಕೊಂಡಿತ್ತು. ಕಡತಕ್ಕೆ ಕಿಂಚಿತ್ತೂ ಹಾನಿಯಾಗಿರಲಿಲ್ಲ. ವಿಂಡೋಸ್ ವಿಸ್ಟಾ ಆವೃತ್ತಿಯಲ್ಲಿ ಈ ಊಹೆಯನ್ನು ಸರಿಪಡಿಸಲಾಯಿತು.

ತೆರೆಯು ಸುಳ್ಳು ಹೇಳಿದ ಇನ್ನೊಂದು ಪ್ರಸಂಗವು ಬಹು ಪ್ರಸಿದ್ಧವಾಗಿದೆ. ಲೆಕ್ಕಪತ್ರಗಳಿಗಾಗಿ ಬಳಸುವ 'ಎಕ್ಸೆಲ್' ಎಂಬ ಕ್ರಮವಿಧಿಯ 2007ರ ಆವೃತ್ತಿಯಲ್ಲಿ 77.1ನ್ನು 850ರಿಂದ ಗುಣಿಸಿದರೆ 1,00,000 ಎಂಬ ಉತ್ತರವು ಬರುತ್ತಿತ್ತು. ಸರಿಯಾದ ಉತ್ತರ 65,535. ಆ ವರ್ಷದ ಸೆಪ್ಟೆಂಬರಿನಲ್ಲಿ ಇದು ಬಯಲಾದಾಗ, ಎಕ್ಸೆಲ್ ಗುಣಾಕಾರವನ್ನೇ ಮರೆತಿದೆಯೆಂದು ಜನರು ಹಾಸ್ಯ ಮಾಡಿದರು. ಆದರೆ ಆ ಉತ್ತರವನ್ನು ಎರಡರಿಂದ ಗುಣಿಸಿದರೆ 1,31,070 ಎಂಬ ಸರಿಯಾದ ಬೆಲೆಯೇ ಬರುತ್ತಿತ್ತು! ಗುಣಿಸುವ ಭಾಗವು ನಿರ್ದೋಷಿಯಾಗಿತ್ತು. ಒಳಗಿನ ಸಂಖ್ಯೆಯನ್ನು ತೆರೆಯ ಮೇಲಿನ ಅಂಕಿಗಳಾಗಿ ಮಾರ್ಪಡಿಸುವ ಭಾಗದಲ್ಲಿ ತಪ್ಪಿತ್ತು. ಅಕ್ಟೋಬರಿನಲ್ಲಿ ತಿದ್ದುಪಡಿಯು ಹೊರಬಂದಿತು.

ಗ್ರಂಥಾಲಯದ ದಂಡದ ಲೆಕ್ಕದಲ್ಲಿಯೂ ಒಂದು ಬಲೆಯಿದೆ. ದಿನಕ್ಕೆ 10 ಪೈಸೆಯಂತೆ ಹತ್ತು ದಿನಗಳಿಗೆ ದಂಡ ಒಂದು ರೂಪಾಯಿ. ಇದನ್ನು ರೂಪಾಯಿಯ ದಶಮಾಂಶದಲ್ಲಿ ಬರೆದು, 0.1ನ್ನು ಹತ್ತು ಸಲ ಕೂಡಿಸಲು ಗಣಕಕ್ಕೆ ಹೇಳಿದರೆ 0.9999999999999999 ಎಂಬ ಉತ್ತರವು ಬರುತ್ತದೆ. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಕೊನೆಯಿಲ್ಲದೆ ಸಾಗುವುದಷ್ಟೆ? ಎರಡೇ ಅಂಕಿಗಳಿಂದ ಎಣಿಸುವ ಗಣಕಕ್ಕೆ ಹತ್ತನೆಯ ಒಂದು ಭಾಗವೂ ಅಂತೆಯೇ ಕೊನೆಯಿಲ್ಲದುದು. ಎಲ್ಲಿಯೋ ಒಂದೆಡೆ ಕತ್ತರಿಸಲೇಬೇಕು. ಆಗ ಒಂದು ರೂಪಾಯಿ ದಂಡವಾಯಿತೇ ಎಂದು ಕೇಳಿದರೆ ಗಣಕವು ಇಲ್ಲವೆನ್ನುತ್ತದೆ. ಹಣವನ್ನು ರೂಪಾಯಿಯ ಭಿನ್ನರಾಶಿಯಲ್ಲಿಡದೆ ಪೈಸೆಗಳ ಪೂರ್ಣಸಂಖ್ಯೆಯಲ್ಲಿಟ್ಟರೆ ಈ ತೊಡಕು ಇರುವುದೇ ಇಲ್ಲ. ಹತ್ತು ಹತ್ತಲಿ ನೂರು. ಅದರಲ್ಲಿ ಗಣಕಕ್ಕೂ ಸಂದೇಹವಿಲ್ಲ.

ಕ್ರಮವಿಧಿಯು ಸ್ತಬ್ಧವಾಗಿ ನಿಂತುಬಿಡುವುದು ಬಳಕೆದಾರರಿಗೆಲ್ಲ ಪರಿಚಿತವಾದ ಪೀಡೆ. ಗುಂಡಿಯನ್ನು ಒತ್ತಿದರೆ ಅಲುಗದು. ಮುಚ್ಚಲು ಹೋದರೆ ಮುಚ್ಚದು. ಅಂಚೆಕಚೇರಿಯಲ್ಲಿ ಒಬ್ಬರೇ ಗುಮಾಸ್ತರಿದ್ದಾರೆನ್ನಿ. ಒಬ್ಬರಿಗಾಗಿ ಹಳೆಯ ಕಡತವನ್ನು ಹುಡುಕಲು ಅವರು ಒಳಕೋಣೆಗೆ ಹೋದರೆ, ಹೊರಗಿನ ಸಾಲೆಲ್ಲ ನಿಂತಲ್ಲಿಯೇ ನಿಲ್ಲಬೇಕು. ಮೇಜಿನ ಗಣಕದ ಕ್ರಮವಿಧಿಯಲ್ಲಿಯೂ ತೆರೆಯನ್ನು ಚಿತ್ರಿಸುವುದು, ಕೀಲಿಗಳ ಒತ್ತುವಿಕೆಯನ್ನು ಆಲಿಸುವುದು ಸಾಮಾನ್ಯವಾಗಿ ಒಂದೇ ಎಳೆಯ ಕೆಲಸ. ಆ ಎಳೆಗೇ ಹತ್ತು ಸಾವಿರ ಪುಸ್ತಕಗಳನ್ನು ವಿಂಗಡಿಸುವ ಕೆಲಸವನ್ನೂ ಒಪ್ಪಿಸಿದರೆ ಅದು ಆಲಿಸುವುದನ್ನು ನಿಲ್ಲಿಸುತ್ತದೆ. 5 ಸೆಕೆಂಡುಗಳವರೆಗೆ ಆಲಿಸದಿದ್ದರೆ, ಕ್ರಮವಿಧಿಯು ಪ್ರತಿಕ್ರಿಯಿಸುತ್ತಿಲ್ಲವೆಂದು ವಿಂಡೋಸ್ ಗುರುತು ಹಾಕುತ್ತದೆ. ದೀರ್ಘವಾದ ಕೆಲಸವನ್ನು ಬೇರೊಂದು ಎಳೆಗೆ ವಹಿಸಿ, ಅದು ಮುಗಿದಾಗ ಫಲವನ್ನು ಮಾತ್ರ ಮೊದಲ ಎಳೆಗೆ ತಲುಪಿಸುವುದೇ ಇದಕ್ಕೆ ಪರಿಹಾರ. ಎರಡು ಎಳೆಗಳೂ ತೆರೆಯ ಮೇಲೆ ಕೈಯಾಡಿಸಿದರೆ ಹೊಸ ಅನಾಹುತಕ್ಕೆ ದಾರಿಯಾಗುವುದು.

ಬರೆದವನ ಗಣಕದಲ್ಲಿ ಓಡಿ ಇನ್ನೊಬ್ಬರ ಗಣಕದಲ್ಲಿ ಓಡದಿರುವುದಕ್ಕೆ ಕಾರಣಗಳು ಹೆಚ್ಚಾಗಿ ಸರಳವಾಗಿರುತ್ತವೆ. ಬರೆದವನು ತನ್ನ ಗಣಕದ ಕಡತಕೋಶದ ವಿಳಾಸವನ್ನೇ ಕ್ರಮವಿಧಿಯಲ್ಲಿ ನಮೂದಿಸಿರಬಹುದು. ಅಂತಹ ಕೋಶವು ಇನ್ನೊಂದು ಗಣಕದಲ್ಲಿ ಇರದು. ದಿನಾಂಕವನ್ನು 03/04 ಎಂದು ಬರೆದಿದ್ದರೆ, ಭಾರತದ ರೂಢಿಗೆ ಹೊಂದಿಸಿದ ಗಣಕವು ಏಪ್ರಿಲ್ 3 ಎಂದೂ ಅಮೆರಿಕದ ರೂಢಿಯದು ಮಾರ್ಚ್ 4 ಎಂದೂ ಓದುವುದು. ಆಗ ಗಡುವು ಮೀರದ ಪುಸ್ತಕಕ್ಕೂ ದಂಡ ಬೀಳುವುದು.

ದೋಷವನ್ನು ತಿದ್ದಿದ ಮೇಲೆ, ಮೊದಲು ಅದನ್ನು ಬರಿಸಿದ ಕ್ರಮದಲ್ಲಿಯೇ ಮತ್ತೆ ಎಲ್ಲವನ್ನೂ ಮಾಡಿ, ಅದು ಬಾರದೆಂಬುದನ್ನು ಕಣ್ಣಾರೆ ನೋಡಬೇಕು. ಆ ಪರೀಕ್ಷೆಯನ್ನು ಎಸೆಯದೆ ಜೋಪಾನವಾಗಿಟ್ಟು, ಮುಂದೆ ಕ್ರಮವಿಧಿಯನ್ನು ಬದಲಿಸಿದಾಗಲೆಲ್ಲ ನಡೆಸಬೇಕು. ಇಷ್ಟಾದರೂ ಒಂದು ದೋಷವು ಹೋಯಿತೆಂದು ಹೇಳಬಹುದೇ ಹೊರತು ದೋಷಗಳೇ ಇಲ್ಲವೆಂದು ಹೇಳಲಾಗದು. ಟೈಲರ್ ಪಟ್ಟಣದ ದೋಷವು ಪತ್ತೆಯಾದ ಮೇಲೆ, 1987ರ ಜನವರಿಯಲ್ಲಿ, ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬಲ್ಲಿ ಥೆರಾಕ್ ಯಂತ್ರವು ಇನ್ನೊಬ್ಬ ರೋಗಿಗೆ ಅತಿಯಾದ ವಿಕಿರಣವನ್ನು ನೀಡಿತು. ಆತನು ಏಪ್ರಿಲ್ ತಿಂಗಳಿನಲ್ಲಿ ತೀರಿಕೊಂಡನು. ಈ ಸಲ ಕಾರಣವು ಬೇರೆಯದೇ ಆಗಿತ್ತು. ಯಂತ್ರದ ಭಾಗಗಳು ಸರಿಯಾದ ಸ್ಥಾನದಲ್ಲಿವೆಯೇ ಎಂದು ನೋಡಬೇಕೆಂಬುದಕ್ಕೆ ಗುರುತಾಗಿ ಕ್ರಮವಿಧಿಯು ಒಂದು ಬೈಟಿಗೆ ಪ್ರತಿಸಲವೂ ಒಂದನ್ನು ಕೂಡುತ್ತಿತ್ತು. ಅಲ್ಲಿ ಸೊನ್ನೆಯಿದ್ದರೆ ನೋಡಬೇಕಾಗಿಲ್ಲವೆಂದು ಅರ್ಥ. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆಯು ಹಿಡಿಸದಷ್ಟೆ? 256ನೆಯ ಸಲ ಅದು ಮತ್ತೆ ಸೊನ್ನೆಯಾಗುತ್ತಿತ್ತು. ಸರಿಯಾಗಿ ಆ ಕ್ಷಣದಲ್ಲಿಯೇ ನಿರ್ವಾಹಕನು ಕೀಲಿಯನ್ನು ಒತ್ತಿದ್ದರೆ, ಪರೀಕ್ಷೆಯಿಲ್ಲದೆಯೇ ಕಿರಣವು ಹೊರಡುತ್ತಿತ್ತು. ಒಂದನ್ನು ಕೂಡುವ ಬದಲು ಪ್ರತಿಸಲವೂ ಸೊನ್ನೆಯಲ್ಲದ ಒಂದು ನಿಶ್ಚಿತ ಸಂಖ್ಯೆಯನ್ನು ಇಡುವಂತೆ ಆ ಸಾಲನ್ನು ತಿದ್ದಿದರು. ಹಳೆಯ ಮಾದರಿಯ ಯಂತ್ರದಲ್ಲಿದ್ದು ಹೊಸದರಲ್ಲಿ ಕೈಬಿಟ್ಟಿದ್ದ ತಡೆಗಳಂಥವನ್ನು, ಗಣಕವು ಏನೇ ಹೇಳಿದರೂ ಅಪಾಯದ ಕಿರಣವು ಹೊರಡದಂತೆ ತಡೆಯುವ ವಿದ್ಯುತ್ ಬೀಗಗಳನ್ನು, ಯಂತ್ರಕ್ಕೆ ಅಳವಡಿಸಿದರು.